ತುಮಕೂರಿನಲ್ಲಿ ಎಲ್ಲಿ ಉಣ್ಣಬೇಕು ಅಂತ ನಾನೂ ಬರೆದೆ, ಹಿಟ್ಟನ್ನೇ ಬಿಟ್ಟೆ

ಹೋದ ವರ್ಷ ಒಂದು ಪತ್ರಿಕೆಯ ವಿಶೇಷ ಪುಟಕ್ಕೆ ‘ತುಮಕೂರಿಗೆ ಬಂದರೆ ತಿನ್ನಲೇಬೇಕಾದ ಹತ್ತು ಜಾಗ’ ಅಂತ ಬರೆದುಕೊಟ್ಟೆ. ನಮ್ಮಂಥ ಸ್ಟ್ರಿಂಗರ್‌ಗಳಿಗೆ ಇಂಥ ಕೆಲಸ ಸಿಕ್ಕರೆ ಹಬ್ಬ. ಬರ, ಬೋರ್‌ವೆಲ್, ಅಪಘಾತದ ಸುದ್ದಿ ನಾಲ್ಕು ಸಾಲಿಗೆ ಇಳಿಯುತ್ತದೆ. ತಿಂಡಿ ಬಗ್ಗೆ ಬರೆದರೆ ಅರ್ಧ ಪುಟ, ಜೊತೆಗೆ ಬಣ್ಣದ ಫೋಟೊ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬರೆದೆ. ಮಸಾಲೆ ದೋಸೆ, ಬೆಣ್ಣೆ ದೋಸೆ ಬರೆದೆ. ಬಿರಿಯಾನಿ, ಸಂಜೆಯ ಚುರುಮುರಿ, ಒಂದು ಐಸ್‌ಕ್ರೀಂ ಅಂಗಡಿಯನ್ನೂ ಬರೆದೆ. ವಾಟ್ಸ್ಆ್ಯಪ್‌ನಲ್ಲಿ ಚೆನ್ನಾಗಿ ಓಡಿತು. ಗೆಳೆಯರು ಬೆನ್ನು ತಟ್ಟಿದರು.

ಆಮೇಲೊಂದು ದಿನ ಅಪ್ಪನ ಕಣ್ಣು ತೋರಿಸಲು ಪಟ್ಟನಾಯಕನಹಳ್ಳಿಯಿಂದ ತುಮಕೂರಿಗೆ ಕರೆದುಕೊಂಡು ಹೋದೆ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಶಿರಾದಲ್ಲಿ ಬಸ್ ಬದಲಿಸಿ, ಟೋಕನ್ ತಗೊಂಡು, ಕಣ್ಣಿಗೆ ಔಷಧಿ ಹಾಕಿಸಿಕೊಂಡು ಹೊರಗೆ ಬಂದಾಗ ಮಧ್ಯಾಹ್ನ ಒಂದೂವರೆ. ಅಪ್ಪನಿಗೆ ಎದುರಿಗಿನದೆಲ್ಲ ಮಬ್ಬು. ಕೈ ಹಿಡಿದುಕೊಂಡು ಒಂದು ಹೋಟೆಲ್‌ಗೆ ಕರೆದುಕೊಂಡು ಹೋದೆ. ನನ್ನ ಪಟ್ಟಿಯಲ್ಲಿದ್ದದ್ದೇ. ಹುಡುಗ ಬಂದು ಏನು ಬೇಕು ಅಂದ. ಅಪ್ಪ ಕೇಳಿದ್ದು ಒಂದೇ ಮಾತು: ‘ಹಿಟ್ಟೈತೇನಪ್ಪ?’

ಹುಡುಗನಿಗೆ ಅರ್ಥ ಆಗಲಿಲ್ಲ. ಹೊರ ರಾಜ್ಯದವನು, ಅವನ ತಪ್ಪಲ್ಲ. ನಾನು ‘ಮುದ್ದೆ’ ಅಂದೆ. ಅವನು ಕ್ಯಾಷ್ ಕೌಂಟರ್ ಕಡೆ ನೋಡಿದ. ಅಲ್ಲಿದ್ದವರು ನಕ್ಕು, ‘ಮುದ್ದೆ ಇಲ್ಲ ಸಾರ್, ಮೀಲ್ಸ್ ಇದೆ, ಚಪಾತಿ ಇದೆ, ಫ್ರೈಡ್ ರೈಸ್ ಇದೆ’ ಅಂದರು. ಅಲ್ಲಿಂದ ಎದ್ದು ಇನ್ನೆರಡು ಕಡೆ ಕೇಳಿದ್ದಾಯಿತು. ಒಂದು ಕಡೆ ಮುದ್ದೆ ಇತ್ತು, ನಾಟಿ ಕೋಳಿ ಸಾರಿನ ಜೊತೆ ಮಾತ್ರ. ಅಂದು ಶನಿವಾರ, ಅಪ್ಪ ಮಾಂಸ ಮುಟ್ಟುವುದಿಲ್ಲ. ಕಡೆಗೆ ಬಸ್ ಸ್ಟ್ಯಾಂಡ್‌ನಲ್ಲಿ ಬನ್ನು, ಟೀ. ‘ಊರಿಗೆ ಹೋಗಿ ಉಂಬನ ಬಿಡು’ ಅಂದ ಅಪ್ಪ. ಮನೆ ಮುಟ್ಟಿದಾಗ ಸಂಜೆ ಆರು ಆಗಿತ್ತು.

ಆ ಮೊದಲ ಹೋಟೆಲ್‌ನ ಗೋಡೆಗೆ ನನ್ನ ಲೇಖನವನ್ನು ಲ್ಯಾಮಿನೇಟ್ ಮಾಡಿ ಅಂಟಿಸಿದ್ದರು. ಅಪ್ಪನಿಗೆ ಕಣ್ಣು ಮಬ್ಬಾಗಿದ್ದರಿಂದ ನನ್ನ ಹೆಸರು ಕಾಣಲಿಲ್ಲ. ನನಗೆ ಚೆನ್ನಾಗಿ ಕಂಡಿತು.

ಈಗ ಜಗಳಕ್ಕೆ ಬರುತ್ತೇನೆ. ಜಗಳ ತಟ್ಟೆ ಇಡ್ಲಿಯ ಮೇಲಲ್ಲ. ಕ್ಯಾತ್ಸಂದ್ರದಲ್ಲಿ ಇಳಿದರೆ ನಾನೂ ಎರಡು ತಿನ್ನುವವನೇ. ಜಗಳ ಇರುವುದು ನಗರದಲ್ಲಿ ‘ನಮ್ಮ ಜಿಲ್ಲೆಯ ಊಟ’ ಅಂತ ಪಟ್ಟಿ ಮಾಡುವವರ ಮೇಲೆ, ಅಂದರೆ ನನ್ನ ಮೇಲೆ, ನನ್ನಂಥ ಬರೆಯುವವರ ಮೇಲೆ, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಬರುವ ಯೂಟ್ಯೂಬ್ ಹುಡುಗರ ಮೇಲೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಮನೆಗಳಲ್ಲಿ ದಿನಾ ಬೇಯುವುದು ಯಾವುದೂ ಆ ಪಟ್ಟಿಯಲ್ಲಿ ಇರುವುದಿಲ್ಲ. ಬಸ್ಸಾರು ಇಲ್ಲ, ಉಪ್ಸಾರು ಇಲ್ಲ, ಮಸೊಪ್ಪು ಇಲ್ಲ. ಹುರುಳಿಕಾಳು ಸಾರು, ಹುಚ್ಚೆಳ್ಳು ಪುಡಿ, ಹುಣಸೆ ಚಿಗುರು ಹಾಕಿದ ಬೇಳೆ, ಕಡಲೆಕಾಯಿ ಬೀಜದ ಚಟ್ನಿ, ಅಣ್ಣೆಸೊಪ್ಪು, ಹಿತಕಿದ ಅವರೆ ಯಾವುದೂ ಇಲ್ಲ. ಇವೆಲ್ಲ ಯಾವುದರ ಜೊತೆ ತಿನ್ನುವಂಥವೋ ಆ ಹಿಟ್ಟೇ ಇಲ್ಲ. ಬೆಳಗಿನ ತಿಂಡಿಯನ್ನೇ ಊಟ ಅಂತ ಮಾರಿದ್ದೇವೆ ನಾವು.

ಇದಕ್ಕೊಂದು ಹಿನ್ನೆಲೆ ಇದೆ. ನಮ್ಮ ಕಡೆ ಹೋಟೆಲ್ ಅನ್ನುವ ವ್ಯವಹಾರವನ್ನು ಬಹುಪಾಲು ಕಲಿಸಿದ್ದು ಕರಾವಳಿಯ ಉಡುಪಿ ಕಡೆಯವರು. ಬೆಂಗಳೂರಿನಲ್ಲಿ ಎಂಟಿಆರ್ ಶುರುವಾದದ್ದು 1924ರಲ್ಲಿ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ. ಅವರು ಅಕ್ಕಿ ತಿನ್ನುವ ಜನ, ತಮಗೆ ಗೊತ್ತಿದ್ದ ಇಡ್ಲಿ, ದೋಸೆ, ಅನ್ನ, ಸಾಂಬಾರ್ ತಂದರು. ಶ್ರಮಪಟ್ಟು, ಶುಚಿಯಾಗಿ ನಡೆಸಿದರು. ಅದರಲ್ಲಿ ತಪ್ಪೇನಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಕೊರತೆ ಬಂದಾಗ ಎಂಟಿಆರ್‌ನವರು ರವೆ ಇಡ್ಲಿ ಮಾಡಿದ ಕಥೆ ನಿಮಗೂ ಗೊತ್ತಿರಬಹುದು. ನನಗೆ ಆ ಕಥೆ ಕೇಳಿದಾಗಲೆಲ್ಲ ಒಂದು ಯೋಚನೆ ಬರುತ್ತದೆ. ಅಕ್ಕಿ ಇಲ್ಲ ಅಂದಾಗಲೂ ಹೋಟೆಲ್‌ನವರಿಗೆ ಹೊಳೆದದ್ದು ಗೋಧಿ ರವೆ. ಸುತ್ತಮುತ್ತ ನೂರಾರು ಹಳ್ಳಿಗಳಲ್ಲಿ ಹಗೇವು ತುಂಬ ರಾಗಿ ಇತ್ತು!

ಮುದ್ದೆಗೆ ನಗರದಲ್ಲಿ ಜಾಗ ಕೊಟ್ಟದ್ದು ಮಿಲಿಟರಿ ಹೋಟೆಲ್‌ಗಳು. ಅವರಿಗೆ ಋಣಿಯಾಗಿರಬೇಕು. ಆದರೆ ಅದರಿಂದ ಒಂದು ಅಭ್ಯಾಸ ಕೂತುಬಿಟ್ಟಿತು. ಮುದ್ದೆ ಅಂದರೆ ಮಾಂಸದ ಜೊತೆ. ಬೀಗರೂಟದಲ್ಲಿ ಮುದ್ದೆ ಬಡಿಸಿದರೆ ಗೌರವ, ಮಾರಮ್ಮನ ಜಾತ್ರೆಯಲ್ಲಿ ಬಡಿಸಿದರೆ ಗೌರವ. ಮದುವೆಯ ದಿನ ಎಲೆಯ ಮೇಲೆ ಬಡಿಸಿದರೆ ‘ಇವರಿಗೇನು ಗತಿ ಇಲ್ವಾ’ ಅಂತ ಗುಸುಗುಸು. ನಮ್ಮದೇ ಮದುವೆ ಮಂಟಪಗಳ ಮೆನು ನೋಡಿ. ಗೋಬಿ ಮಂಚೂರಿ ಇದೆ, ನೂಡಲ್ಸ್ ಇದೆ, ರುಮಾಲಿ ರೊಟ್ಟಿ ಇದೆ. ಸೊಪ್ಪಿನ ಸಾರು, ಹಿಟ್ಟು ಇರುವ ಮದುವೆಗೆ ನೀವು ಎಷ್ಟು ಸಲ ಹೋಗಿದ್ದೀರಿ?

ಈ ನಾಚಿಕೆಗೆ ಜಾತಿಯ ವಾಸನೆಯೂ ಇದೆ, ಅದನ್ನು ಮುಚ್ಚಿಟ್ಟು ಬರೆದರೆ ಮೋಸ. ಅನ್ನ ತಿನ್ನುವವರು ಮೇಲಿನವರು, ಹಿಟ್ಟು ತಿನ್ನುವವರು ಗೇಯುವವರು ಅನ್ನುವ ಲೆಕ್ಕ ಇವತ್ತಿನದಲ್ಲ. ಕನಕದಾಸರು ‘ರಾಮಧಾನ್ಯ ಚರಿತೆ’ ಬರೆದದ್ದೇ ಈ ಲೆಕ್ಕದ ಮೇಲೆ. ಅದರಲ್ಲಿ ಭತ್ತಕ್ಕೂ ರಾಗಿಗೂ ಜಗಳ ಬೀಳುತ್ತದೆ, ಯಾರು ಹೆಚ್ಚು ಅಂತ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ಬಂದಾಗ ಭತ್ತ ಸೊರಗಿರುತ್ತದೆ, ರಾಗಿ ಇದ್ದ ಹಾಗೇ ಇರುತ್ತದೆ. ತೀರ್ಪು ರಾಗಿಯ ಪರ. ಐನೂರು ವರ್ಷದ ಹಿಂದಿನ ಕವಿ ಕೊಟ್ಟ ತೀರ್ಪನ್ನು ತುಮಕೂರಿನ ಮೆನು ಕಾರ್ಡ್ ಇನ್ನೂ ಒಪ್ಪಿಕೊಂಡಿಲ್ಲ.

ಹೋಟೆಲ್‌ನವರ ವಾದ ನನಗೆ ಗೊತ್ತು. ಲೇಖನ ಬರೆಯುವ ಮುಂಚೆ ಶಿರಾದಲ್ಲಿ ಇಬ್ಬರ ಹತ್ತಿರ, ತುಮಕೂರಿನಲ್ಲಿ ಮೂವರ ಹತ್ತಿರ ಕೂತು ಕೇಳಿದೆ. ಅವರು ಹೇಳುವುದು ಹೀಗೆ. ಇಡ್ಲಿಯನ್ನು ಹಬೆಯಲ್ಲಿ ಇಟ್ಟಿರಬಹುದು, ಅನ್ನ ಮೂರು ಗಂಟೆ ಇರುತ್ತದೆ, ಮುದ್ದೆ ಆರಿದರೆ ಕಲ್ಲು. ಬಿಸಿ ಇರುವಾಗಲೇ ಕಟ್ಟಬೇಕು, ಬಿಸಿ ಇರುವಾಗಲೇ ಬಡಿಸಬೇಕು. ತೊಳಸಲು ತೋಳಲ್ಲಿ ಶಕ್ತಿ ಇರುವ ಆಳು ಬೇಕು. ಒಡಿಶಾ, ಬಿಹಾರದಿಂದ ಬಂದ ಅಡುಗೆ ಹುಡುಗರಿಗೆ ಗೊತ್ತಿಲ್ಲ. ಗಂಟು ಬಿದ್ದರೆ ಗಿರಾಕಿ ಬೈಯುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ‘ಕೇಳೋರೇ ಇಲ್ಲ ಸಾರ್.’

ಇದರಲ್ಲಿ ಅರ್ಧ ನಿಜ. ಮುದ್ದೆ ಕಷ್ಟದ ಅಡುಗೆ. ಎಸರು ಕುದಿಯುವಾಗ ಹಿಟ್ಟು ಸುರಿದು, ಕೋಲಿನಿಂದ ತೂತು ಮಾಡಿ, ಬೇಯುವವರೆಗೆ ಕಾದು, ಆಮೇಲೆ ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿದು ತಿರುವಬೇಕು. ನಮ್ಮಮ್ಮನ ಬಲಗೈ ಮಣಿಕಟ್ಟು ಇವತ್ತಿಗೂ ಊದಿಕೊಂಡೇ ಇದೆ. (ಹಿಟ್ಟಿನ ಹಿರಿಮೆ ಹಾಡುವ ಗಂಡಸರು ಒಂದು ವಾರ ತಾವೇ ಕೋಲು ಹಿಡಿದು ನೋಡಬೇಕು. ನಾನು ಮೂರು ದಿನ ಹಿಡಿದೆ, ನಾಲ್ಕನೇ ದಿನ ಅನ್ನ ಮಾಡಿದೆ.) ಆದರೆ ಇನ್ನರ್ಧ ನೆಪ. ಯಾಕೆ ಅಂದರೆ ಇದೇ ತುಮಕೂರಿನಲ್ಲಿ, ಇದೇ ಕ್ಯಾತ್ಸಂದ್ರದ ಪಕ್ಕದಲ್ಲಿ ಸಿದ್ಧಗಂಗಾ ಮಠ ಇದೆ. ಅಲ್ಲಿ ಸಾವಿರಾರು ಮಕ್ಕಳು ಓದುತ್ತಾರೆ, ಎಲ್ಲಾ ಜಾತಿಯವರು, ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಅವರ ತಟ್ಟೆಗೆ ಮುದ್ದೆ ಬೀಳುತ್ತದೆ. ಸಾವಿರಾರು ಮುದ್ದೆ. ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ತಟ್ಟೆ ಇಡ್ಲಿಯ ಫೋಟೊ ತೆಗೆಯುವವರಿಗೆ, ಕೂಗಳತೆಯಲ್ಲಿ ನಡೆಯುವ ಆ ಪಂಕ್ತಿ ಕಾಣುವುದಿಲ್ಲ. ನನಗೂ ಕಂಡಿರಲಿಲ್ಲ. ಕಾಸು ತಗೊಳ್ಳದ ದಾಸೋಹದಲ್ಲಿ ಸಾವಿರ ಮುದ್ದೆ ಆಗುತ್ತದಾದರೆ, ಕಾಸು ತಗೊಳ್ಳುವ ಹೋಟೆಲ್‌ನಲ್ಲಿ ಐವತ್ತು ಯಾಕೆ ಆಗುವುದಿಲ್ಲ? ತೊಳಸುವ ಯಂತ್ರವೂ ಮಾರುಕಟ್ಟೆಗೆ ಬಂದಿದೆ. ಗ್ರೈಂಡರ್ ಬರುವ ಮುಂಚೆ ದೋಸೆ ಹಿಟ್ಟನ್ನೂ ಯಾರದೋ ರಟ್ಟೆಯೇ ರುಬ್ಬಿದ್ದು.

ದುಡ್ಡಿನ ಲೆಕ್ಕವನ್ನೂ ನೋಡಿ. 2025-26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಕೆ.ಜಿ.ಗೆ 49 ರೂಪಾಯಿ ಹತ್ತಿರ. ಒಂದು ಒಳ್ಳೆ ಮುದ್ದೆಗೆ ನೂರರಿಂದ ನೂರೈವತ್ತು ಗ್ರಾಂ ಹಿಟ್ಟು. ಅಂದರೆ ಐದರಿಂದ ಏಳೂವರೆ ರೂಪಾಯಿ ರಾಗಿ. ಬೀಸಿದ್ದು, ಗ್ಯಾಸು, ಕೂಲಿ, ಸೊಪ್ಪು, ಬೇಳೆ ಎಲ್ಲ ಸೇರಿಸಿದರೂ ಒಂದು ಮುದ್ದೆ, ಸಾರನ್ನು ಬಡವನಿಗೆ ಎಟುಕುವ ಬೆಲೆಗೆ ಕೊಡಬಹುದು, ಲಾಭವನ್ನೂ ಮಾಡಬಹುದು.

ಆದರೆ ಈಗ ಶಾಖಾಹಾರದ ಮುದ್ದೆ ಧಾರಾಳವಾಗಿ ಸಿಗುವುದು ಎಲ್ಲಿ? ಹೆದ್ದಾರಿ ಪಕ್ಕದಲ್ಲಿ ಗಾಡಿ ಚಕ್ರ, ಲಾಟೀನು, ಮೊರ, ಒನಕೆ ತೂಗುಹಾಕಿದ ‘ಹಳ್ಳಿ ಸೊಗಡು’ ಹೋಟೆಲ್‌ಗಳಲ್ಲಿ. ಅಲ್ಲಿ ಬಾಳೆ ಎಲೆ ಇದೆ, ಪೇಟ ಸುತ್ತಿದ ಹುಡುಗರಿದ್ದಾರೆ, ಜನಪದ ಗೀತೆ ಹಾಕಿರುತ್ತಾರೆ. 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅಲ್ಲಿ ಗಂಡ ಹೆಂಡತಿ ಕೂತು ಉಂಡರೆ ಆ ದಿನದ ಕೂಲಿ ಮುಗಿದುಹೋಗುತ್ತದೆ. ನಮ್ಮ ಮೊರವನ್ನು ಗೋಡೆಗೆ ತೂಗುಹಾಕಿ, ನಮ್ಮ ಊಟವನ್ನು ನಮಗೇ ಎಟುಕದ ಬೆಲೆಗೆ ಮಾರುವುದಕ್ಕೆ ನಾನು ಸೊಗಡು ಅನ್ನುವುದಿಲ್ಲ.

ಸರ್ಕಾರದ ಕಡೆಯೂ ಇದೇ ಕಥೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಘೋಷಿಸಿತು, ಭಾರತವೇ ಮುಂದೆ ನಿಂತು ಕೇಳಿದ್ದು. ಆ ವರ್ಷ ಜೂನ್‌ನಲ್ಲಿ ಅಮೆರಿಕದ ಶ್ವೇತಭವನದಲ್ಲಿ ನಮ್ಮ ಪ್ರಧಾನಿಗೆ ಕೊಟ್ಟ ಔತಣದಲ್ಲೂ ಸಿರಿಧಾನ್ಯದ ಸಲಾಡ್ ಇತ್ತು. ಸಂತೋಷ. ಆದರೆ ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವ ಕರ್ನಾಟಕದಲ್ಲಿ 2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ಹತ್ತು ರೂಪಾಯಿಯ ಊಟ ಅಂದರೆ ಅನ್ನ, ಸಾಂಬಾರ್. ಮುದ್ದೆ ಸೇರಿಸುವ ಮಾತು ಬಂದದ್ದು ಆಮೇಲೆ. ಶಾಲೆಯಲ್ಲಿ ಬಿಸಿಯೂಟ ಅಂದರೆ ಇವತ್ತಿಗೂ ಮುಖ್ಯವಾಗಿ ಅನ್ನವೇ. 2024ರಿಂದ ಮಕ್ಕಳಿಗೆ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿದ್ದಾರೆ, ಒಳ್ಳೆಯದೇ. ಆದರೆ ಗಮನಿಸಿ, ರಾಗಿ ಪುಡಿಯಾಗಿ, ಪ್ಯಾಕೆಟ್ ಸೇರಿ, ‘ಹೆಲ್ತ್ ಮಿಕ್ಸ್’ ಅನ್ನುವ ಹೆಸರು ಹೊತ್ತು ಬಂದರೆ ಮಾತ್ರ ಒಳಗೆ ಬಿಡುತ್ತಾರೆ. ಮುದ್ದೆಯಾಗಿ ಬಂದರೆ ಬಾಗಿಲಲ್ಲೇ ನಿಲ್ಲಬೇಕು.

ರಾಗಿಗೆ ಇಷ್ಟು ಇಳುವರಿ ಬಂದದ್ದಾದರೂ ಹೇಗೆ? ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ತಳಿಗೂ ಆಫ್ರಿಕಾದ ತಳಿಗೂ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಅವರನ್ನು ಜನ ರಾಗಿ ಬ್ರಹ್ಮ ಅಂತಲೇ ಕರೆದರು. ಒಬ್ಬ ವಿಜ್ಞಾನಿ ಜೀವಮಾನ ತೇಯ್ದು ಬೆಳೆ ಹೆಚ್ಚಿಸಿಕೊಟ್ಟ. ಬೆಳೆದದ್ದನ್ನು ಪಕ್ಕದ ಪೇಟೆಯಲ್ಲಿ ಉಣ್ಣಿಸಲು ನಮ್ಮ ಕೈಲಿ ಆಗಲಿಲ್ಲ. ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಸಾಲು ನಿಂತಾಗ ಸುದ್ದಿ ಬರೆಯುವವನೂ ನಾನೇ. ಆ ಸಾಲಿಗೂ ಹೋಟೆಲ್ ಬೋರ್ಡಿಗೂ ಸಂಬಂಧ ಇದೆ ಅಂತ ಹೊಳೆಯಲು ಅಪ್ಪನ ಕಣ್ಣು ಮಬ್ಬಾಗಬೇಕಾಯಿತು.

ಕಡಲೆಕಾಯಿಯ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಅದು ಇನ್ನೂ ಹೊಟ್ಟೆ ಉರಿಸುತ್ತದೆ. ಪಾವಗಡ, ಶಿರಾ, ಮಧುಗಿರಿ ಅಂದರೆ ಕಡಲೆಕಾಯಿ. ಮಳೆ ಕೈಕೊಟ್ಟರೂ, ಬೆಲೆ ಕೈಕೊಟ್ಟರೂ, ಕಾಡುಹಂದಿ ಬಗೆದುಹಾಕಿದರೂ ಮತ್ತೆ ಅದನ್ನೇ ಬಿತ್ತಿದ ಜನ ನಾವು. ಈಗ ಈ ನಾಲ್ಕು ತಾಲ್ಲೂಕಿನ ಯಾವುದಾದರೂ ಪೇಟೆಯ ಹೋಟೆಲ್‌ಗೆ ಹೋಗಿ, ಹಿಂದಿನ ಬಾಗಿಲ ಹತ್ತಿರ ಬಿದ್ದಿರುವ ಖಾಲಿ ಡಬ್ಬ, ಪ್ಯಾಕೆಟ್ ನೋಡಿ. ಹೆಚ್ಚಿನ ಕಡೆ ಕಾಣುವುದು ಪಾಮ್ ಎಣ್ಣೆ. ಇಂಡೊನೇಷ್ಯಾ, ಮಲೇಷ್ಯಾದಿಂದ ಹಡಗಿನಲ್ಲಿ ಬಂದದ್ದು. ದೇಶ ತಿನ್ನುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2025ರ ಮೇ ಕೊನೆಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಪಾಮ್ ಎಣ್ಣೆಯ ಮೂಲ ಆಮದು ಸುಂಕವನ್ನು ಶೇ 20ರಿಂದ 10ಕ್ಕೆ ಇಳಿಸಿತು. ಎಣ್ಣೆ ಅಗ್ಗ ಆಗಲಿ ಅಂತ. ಪೇಟೆಯ ವಡೆ ಅಗ್ಗವಾಗುತ್ತದೋ ಇಲ್ಲವೋ, ನಮ್ಮ ಬೀಜದ ಬೆಲೆಗೆ ಒತ್ತಡ ಬೀಳುವುದಂತೂ ಹೌದು. ಹೋಟೆಲ್‌ನವರು ಪೂರ್ತಿ ಕಡಲೆಕಾಯಿ ಎಣ್ಣೆಯಲ್ಲೇ ಕರಿಯಲಿ ಅಂತ ನಾನು ಹೇಳುತ್ತಿಲ್ಲ, ಅವರಿಗೆ ಗಿಟ್ಟುವುದಿಲ್ಲ. ಚಟ್ನಿಯನ್ನಾದರೂ ಕಡಲೆಕಾಯಿ ಬೀಜದಲ್ಲಿ ಅರೆಯಲಿ ಅಂತ ಕೇಳುತ್ತಿದ್ದೇನೆ. ಬೀಜ ಹುರಿದು, ಹಸಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ ಹಾಕಿ ಅರೆದ ಚಟ್ನಿಯ ಮುಂದೆ ನೀರು ನೀರಾದ ಹುರಿಗಡಲೆ ಚಟ್ನಿ ಯಾವ ಲೆಕ್ಕ? ಪಾವಗಡದ ಪೇಟೆಯಲ್ಲೇ ಕೂತು ಆ ನೀರು ಚಟ್ನಿ ನೆಕ್ಕಿದ್ದೇನೆ ನಾನು.

ಹಿಟ್ಟು ಎಲ್ಲೂ ಸಿಗುವುದೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಸಿಗುತ್ತದೆ. ಬೋರ್ಡ್ ಇಲ್ಲದ ಜಾಗಗಳಲ್ಲಿ. ಸಂತೆ ದಿನ ಟಾರ್ಪಾಲ್ ಕೆಳಗೆ. ಎಪಿಎಂಸಿ ಗೇಟ್ ಆಸುಪಾಸಿನಲ್ಲಿ, ಹಮಾಲರು ಉಣ್ಣುವ ಶೀಟಿನ ಶೆಡ್‌ಗಳಲ್ಲಿ. ಕುರಿ ವ್ಯಾಪಾರದವರು ನಸುಕಿಗೇ ಬಂದು ಉಣ್ಣುವ ಕಡೆ. ಶಿರಾದಲ್ಲಿ ಅಂಥ ಒಂದು ಶೆಡ್ ಇದೆ, ಅಜ್ಜಿ ಮತ್ತು ಸೊಸೆ ನಡೆಸುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಶುರು, ಎರಡಕ್ಕೆ ಪಾತ್ರೆ ಖಾಲಿ. ಹುರುಳಿಕಾಳು ಕಟ್ಟಿನ ಬಸ್ಸಾರು, ಅದರದೇ ಕಾಳಿನ ಪಲ್ಯ, ಈರುಳ್ಳಿ, ಬೇಕಾದವರಿಗೆ ಹುಚ್ಚೆಳ್ಳು ಪುಡಿ. ಕೂರಲು ಒಂದೇ ಬೆಂಚು, ಉಳಿದವರು ನಿಂತೇ ಉಣ್ಣುತ್ತಾರೆ. ‘ಕೇಳೋರೇ ಇಲ್ಲ’ ಅನ್ನುವ ಹೋಟೆಲ್ ಮಾಲೀಕರನ್ನು ಆ ಬೆಂಚಿನ ಹತ್ತಿರ ಹನ್ನೆರಡೂವರೆಗೆ ಕರೆದುಕೊಂಡು ಹೋಗಿ ನಿಲ್ಲಿಸಬೇಕು.

ನಾನು ಆ ಶೆಡ್‌ನಲ್ಲಿ ಎಷ್ಟೋ ಸಲ ಉಂಡಿದ್ದೇನೆ. ಪಟ್ಟಿ ಬರೆಯಲು ಕೂತಾಗ ಅದು ನೆನಪಿಗೂ ಬಂತು. ಆದರೂ ಬರೆಯಲಿಲ್ಲ. ಯಾಕೆ? ಫೋಟೊ ಚೆನ್ನಾಗಿ ಬರುವುದಿಲ್ಲ ಅನ್ನಿಸಿತು. ಕರಿ ಮುದ್ದೆ, ಕರಿ ಸಾರು, ಸ್ಟೀಲ್ ತಟ್ಟೆ, ಹಿಂದೆ ತಗಡು. ಡೆಸ್ಕಿನವರು ಏನಂದುಕೊಳ್ಳುತ್ತಾರೋ ಅಂತ ನಾನೇ ಮೊದಲು ಅಂದುಕೊಂಡೆ. ಯಾರೂ ಬೇಡ ಅಂದಿರಲಿಲ್ಲ. ನಾನೇ ಕತ್ತರಿ ಹಾಕಿದೆ. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ‘ಓದುಗ ಯಾರು ಅಂತ ತಿಳಿದು ಬರೆಯಿರಿ’ ಅಂತ ಕಲಿಸಿದ್ದರು. ನನ್ನ ಓದುಗ ಕಾರಿನಲ್ಲಿ ಬೆಂಗಳೂರಿನಿಂದ ಬರುವವನು ಅಂತ ನಾನು ತೀರ್ಮಾನ ಮಾಡಿಕೊಂಡುಬಿಟ್ಟಿದ್ದೆ. ಅದೇ ಪತ್ರಿಕೆಯನ್ನು ಪಟ್ಟನಾಯಕನಹಳ್ಳಿಯ ಟೀ ಅಂಗಡಿಯಲ್ಲಿ ಬೆಳಿಗ್ಗೆ ಹತ್ತು ಜನ ಓದುತ್ತಾರೆ. ಅವರು ತುಮಕೂರಿಗೆ ಹೋಗುವುದು ರುಚಿ ನೋಡಲು ಅಲ್ಲ. ಆಸ್ಪತ್ರೆಗೆ, ಕೋರ್ಟಿಗೆ, ಡಿ.ಸಿ. ಆಫೀಸಿಗೆ, ಮಗನ ಕಾಲೇಜ್ ಫೀಸಿಗೆ. ಮಧ್ಯಾಹ್ನ ಅವರಿಗೆ ಬೇಕಾಗಿರುವುದು ಸಂಜೆವರೆಗೆ ಹಸಿವು ತಡೆಯುವ ಊಟ. ಅದು ಎಲ್ಲಿ ಸಿಗುತ್ತದೆ ಅಂತ ಹೇಳುವ ಒಂದು ಪಟ್ಟಿಯನ್ನು ನಾನಾಗಲಿ ನನ್ನ ಗೆಳೆಯರಾಗಲಿ ಬರೆದಿಲ್ಲ.

ಹಾಗಾಗಿ ಮೊನ್ನೆ ಮತ್ತೆ ಆ ಹೋಟೆಲ್‌ಗೆ ಹೋದೆ. ಗೋಡೆಯ ಮೇಲಿನ ನನ್ನ ಲೇಖನ ತೆಗೆದುಬಿಡಿ ಅಂದೆ. ಮಾಲೀಕರಿಗೆ ನಗು. ‘ನಿಮ್ಮದೇ ಅಲ್ವಾ ಸಾರ್, ಯಾಕೆ?’ ಅಂದರು. ಅಪ್ಪನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮನೇಲೂ ರಾತ್ರಿಗೆ ಮುದ್ದೆನೇ ಸಾರ್’ ಅಂದರು. ಆಮೇಲೆ ವ್ಯಾಪಾರಸ್ಥರ ಮಾತಾಡಿದರು: ‘ದಿನಕ್ಕೆ ಇಪ್ಪತ್ತು ಜನ ಬಂದು ಮುದ್ದೆ ಇದೆಯಾ ಅಂತ ಕೇಳಲಿ. ಹದಿನೈದು ದಿನ ಕೇಳಲಿ. ನಾನೇ ಒಬ್ಬ ಹೆಂಗಸನ್ನ ಇಟ್ಟುಕೊಂಡು ಮಾಡಿಸ್ತೀನಿ, ಬೋರ್ಡೂ ಹಾಕ್ತೀನಿ.’

ಮಾತು ಮಾತೇ. ಅದಕ್ಕೇ ಇದನ್ನು ಓದುತ್ತಿರುವ ನಿಮ್ಮನ್ನು ಕೇಳುತ್ತಿದ್ದೇನೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ತುಮಕೂರು, ಯಾವ ಊರಿಗಾದರೂ ಹೋಗಿ, ಮಧ್ಯಾಹ್ನ ಹೋಟೆಲ್‌ನಲ್ಲಿ ಕೂತಾಗ ಮೊದಲು ‘ಹಿಟ್ಟಿದೆಯಾ, ಸೊಪ್ಪಿನ ಸಾರು ಇದೆಯಾ’ ಅಂತ ಗಟ್ಟಿಯಾಗಿ ಕೇಳಿ. ಪಕ್ಕದ ಟೇಬಲ್‌ನವರಿಗೂ ಕೇಳಿಸಲಿ. ಇಲ್ಲ ಅಂದರೆ ಬೇರೆ ಏನಾದರೂ ತಿನ್ನಿ, ಪರವಾಗಿಲ್ಲ, ಆದರೆ ಕೇಳದೆ ತಿನ್ನಬೇಡಿ. ಇದೆ ಅಂದರೆ ಊರು, ಜಾಗದ ಗುರುತು, ಬೆಲೆ, ಎಷ್ಟು ಗಂಟೆಗೆ ಖಾಲಿಯಾಗುತ್ತದೆ ಅಂತ ನನಗೆ ಬರೆದು ಕಳಿಸಿ. ಬೋರ್ಡ್ ಇಲ್ಲದಿದ್ದರೂ ಸರಿ, ಬೆಂಚ್ ಇಲ್ಲದಿದ್ದರೂ ಸರಿ. ಆ ಪಟ್ಟಿಯನ್ನು ಇಲ್ಲೇ ಹಾಕುತ್ತೇನೆ. ಶಿರಾದ ಅಜ್ಜಿಯನ್ನು ಕೇಳಿದ್ದಾಗಿದೆ, ‘ಹಾಕ್ಕಳಪ್ಪ, ಆದ್ರೆ ಎರಡು ಗಂಟೆ ಮೇಲೆ ಯಾರೂ ಬರಬ್ಯಾಡ್ರಿ ಅಂತ ಬರಿ’ ಅಂದಿದ್ದಾರೆ. ಅದು ಮೊದಲನೆಯದು.